ಫೈಲ್‌ಝಿಲ್ಲಾ ಬಿಟ್ಟು ವಿನ್‌ಎಸ್‌ಸಿಪಿ ಹಾಕಿದರೆ ವೆಬ್‌ಸೈಟ್ ಬೇಗ ಏರುತ್ತದೆಯೇ?

ಪ್ರಶ್ನೆ: ನಾನು ಸಾಗರದಲ್ಲಿದ್ದುಕೊಂಡು ಹೋಂಸ್ಟೇ, ಅಂಗಡಿ, ಸಹಕಾರ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆ, ಅಪ್‌ಲೋಡ್ ಕೂಡ ಅಷ್ಟೇ ಸಿಗುತ್ತದೆ. ಮೊನ್ನೆ ಒಂದು ವರ್ಡ್‌ಪ್ರೆಸ್ ಸೈಟನ್ನು ಫೈಲ್‌ಝಿಲ್ಲಾ ಅನ್ನುವ, ಫೈಲು ಏರಿಸುವ ಸಾಫ್ಟ್‌ವೇರಿನಲ್ಲಿ ಅಮೆರಿಕದ ಪೂರ್ವ ಕರಾವಳಿಯ ಸರ್ವರಿಗೆ ಹಾಕಿದೆ. ಒಟ್ಟು 240 ಎಂಬಿ, ಸುಮಾರು 9,000 ಫೈಲು. ಒಂದೂವರೆ ಗಂಟೆ ಹಿಡಿಯಿತು. ಅದೇ ಸರ್ವರಿಗೆ ಅಷ್ಟೇ ಗಾತ್ರದ ಒಂದು ವಿಡಿಯೊ ಹಾಕಿದಾಗ ಒಂದು ನಿಮಿಷದಲ್ಲಿ ಹೋಯಿತು. ಗೆಳೆಯರೊಬ್ಬರು ವಿನ್‌ಎಸ್‌ಸಿಪಿ ಹಾಕು ಅನ್ನುತ್ತಾರೆ, ಇನ್ನೊಬ್ಬರು ಸೈಬರ್‌ಡಕ್ ಅನ್ನುತ್ತಾರೆ. ನಿಜಕ್ಕೂ ಯಾವುದು ವೇಗ? ನಾನೇ ಹೋಲಿಸಿ ನೋಡಬೇಕೆಂದರೆ ಹೇಗೆ?

ಉತ್ತರ: ನೀವು ಕೊಟ್ಟಿರುವ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅದೇ ಲೈನು, ಅದೇ ಸರ್ವರು, ಅಷ್ಟೇ 240 ಎಂಬಿ. ಒಂದು ಸಲ ಒಂದು ನಿಮಿಷ, ಇನ್ನೊಂದು ಸಲ ಒಂದೂವರೆ ಗಂಟೆ. ಬದಲಾಗಿದ್ದು ಒಂದೇ, ಫೈಲುಗಳ ಸಂಖ್ಯೆ. ಹಾಗಾಗಿ ಯಾವ ಸಾಫ್ಟ್‌ವೇರ್ ಅನ್ನುವ ಮೊದಲು ಒಂದೊಂದು ಫೈಲಿಗೆ ಏನೇನು ನಡೆಯುತ್ತದೆ ಅಂತ ನೋಡಬೇಕು.

ಫೈಲ್‌ಝಿಲ್ಲಾ ತಾನಾಗಿ ಬಳಸುವ ಎಫ್‌ಟಿಪಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಕಳಿಸುವ ಹಳೆಯ ನಿಯಮಾವಳಿ (ಪ್ರೋಟೋಕಾಲ್). ಅದರ ಮೊದಲ ರೂಪವನ್ನು ಬರೆದವರು ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. 1971ರ ಏಪ್ರಿಲ್‌ನಲ್ಲಿ ಬಂದ ಆರ್‌ಎಫ್‌ಸಿ 114 ಅದು; ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆ. ಇವತ್ತು ನಮ್ಮ ಸಾಫ್ಟ್‌ವೇರ್‌ಗಳು ಅನುಸರಿಸುವ ರೂಪ 1985ರ ಆರ್‌ಎಫ್‌ಸಿ 959ರಲ್ಲಿದೆ. ಅದರ ಪ್ರಕಾರ ಆಜ್ಞೆಗಳಿಗೆ ಒಂದು ಸಂಪರ್ಕ, ಫೈಲಿಗೆ ಇನ್ನೊಂದು ಸಂಪರ್ಕ. ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ ಈ ಎರಡನೆಯದನ್ನು ಪ್ರತಿ ಫೈಲಿಗೂ ಹೊಸದಾಗಿ ತೆರೆದು ಮುಚ್ಚಬೇಕು.

ಫೈಲ್‌ಝಿಲ್ಲಾದ ಮೇಲ್ಭಾಗದ ಲಾಗ್ ಓಡುವಾಗ ಇದು ಕಣ್ಣಿಗೇ ಕಾಣುತ್ತದೆ. ಮೊದಲು 'ಯಾವ ಪೋರ್ಟಿಗೆ ಕಳಿಸಲಿ' ಅಂತ ಕೇಳುತ್ತದೆ, ಸರ್ವರ್ ಉತ್ತರಿಸುತ್ತದೆ. ಆ ಪೋರ್ಟಿಗೆ ಹೊಸ ಸಂಪರ್ಕ ಕಟ್ಟುತ್ತದೆ. 'ಈ ಹೆಸರಿನಲ್ಲಿ ಇಟ್ಟುಕೋ' ಅನ್ನುತ್ತದೆ, ಸರ್ವರ್ 150 ಅನ್ನುವ ಸಂಖ್ಯೆಯೊಡನೆ ಒಪ್ಪಿಗೆ ಕೊಡುತ್ತದೆ. ಫೈಲು ಹೋಗುತ್ತದೆ. ಕೊನೆಗೆ 226, ಅಂದರೆ 'ತಲುಪಿತು' ಅನ್ನುವ ಉತ್ತರ ಬರುತ್ತದೆ. ಆಮೇಲೆ ಮುಂದಿನ ಫೈಲು. ಸುಮಾರು ನಾಲ್ಕು ಸಲ ಸರ್ವರಿನ ತನಕ ಹೋಗಿ ಬರಬೇಕು. ಟಿಎಲ್‌ಎಸ್ ಅನ್ನುವ ಗೂಢಲಿಪಿಯ ರಕ್ಷಣೆ ಹಾಕಿಕೊಂಡು ಸುರಕ್ಷಿತವಾಗಿ ಕಳಿಸಿದರೆ ಇನ್ನೊಂದೆರಡು ಸುತ್ತು ಸೇರುತ್ತದೆ. ಐದು ಅಂತ ಇಟ್ಟುಕೊಳ್ಳೋಣ.

ಒಂದು ಸುತ್ತಿಗೆ ಎಷ್ಟು ಹೊತ್ತು ಅಂತ ಕಂಪ್ಯೂಟರಿನ ಪಿಂಗ್ ಆಜ್ಞೆ ಓಡಿಸಿದರೆ ಗೊತ್ತಾಗುತ್ತದೆ. ಕರ್ನಾಟಕದಿಂದ ಮುಂಬೈ ಸರ್ವರಿಗೆ ಸುಮಾರು 30 ಮಿಲಿಸೆಕೆಂಡ್ ಇದ್ದರೆ, ಅಮೆರಿಕದ ಪೂರ್ವ ಕರಾವಳಿಗೆ 230ರ ಆಸುಪಾಸು ಇರುತ್ತದೆ. ಇದನ್ನು ದುಡ್ಡು ಕೊಟ್ಟು ಕಡಿಮೆ ಮಾಡಿಸಲು ಆಗುವುದಿಲ್ಲ. ಗಾಜಿನ ನಾರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅದಕ್ಕಿಂತ ಬೇಗ ಯಾವ ಪ್ಲಾನಿನಲ್ಲೂ ಓಡುವುದಿಲ್ಲ. ಕೇಬಲ್ ಬೇರೆ ನೆಟ್ಟಗೆ ಹೋಗುವುದಿಲ್ಲ, ಸಮುದ್ರದ ತಳದಲ್ಲಿ ಸುತ್ತಿಕೊಂಡು ಹೋಗುತ್ತದೆ.

ಈಗ ನಿಮ್ಮ ಲೆಕ್ಕ ಹಾಕೋಣ. ಫೈಲಿಗೆ ಐದು ಸುತ್ತು, ಸುತ್ತಿಗೆ 0.23 ಸೆಕೆಂಡ್, ಅಂದರೆ ಫೈಲಿಗೆ 1.15 ಸೆಕೆಂಡ್. 9,000 ಫೈಲಿಗೆ 10,350 ಸೆಕೆಂಡ್, ಹತ್ತಿರ ಹತ್ತಿರ 2 ಗಂಟೆ 52 ನಿಮಿಷ. ಫೈಲ್‌ಝಿಲ್ಲಾ ತಾನಾಗಿಯೇ ಒಟ್ಟಿಗೆ ಎರಡು ಫೈಲು ಕಳಿಸುತ್ತದೆ, ಹಾಗಾಗಿ ಅದರ ಅರ್ಧ, 1 ಗಂಟೆ 26 ನಿಮಿಷ. ನಿಮಗೆ ಹಿಡಿದ ಒಂದೂವರೆ ಗಂಟೆ ಇದೇ. ಇಡೀ 240 ಎಂಬಿಯನ್ನು 100 ಎಂಬಿಪಿಎಸ್ ಲೈನಿನಲ್ಲಿ ತುಂಬಿ ಕಳಿಸಿದ್ದರೆ 20 ಸೆಕೆಂಡ್ ಸಾಕಿತ್ತು. ಉಳಿದಿದ್ದೆಲ್ಲ ಕಾಯುವ ಹೊತ್ತು.

ಅಡಿಕೆಯನ್ನು ಮೂಟೆ ಕಟ್ಟದೆ ಒಂದೊಂದೇ ಮಂಡಿಗೆ ಒಯ್ದು, ಪ್ರತಿಯೊಂದಕ್ಕೂ ರಸೀದಿ ಪಡೆದು, ವಾಪಸ್ ಬಂದು ಇನ್ನೊಂದನ್ನು ತೆಗೆದುಕೊಂಡು ಹೋದ ಹಾಗೆ ಇದು. ರಸ್ತೆ ಎಷ್ಟು ಅಗಲ ಮಾಡಿದರೂ ಉಪಯೋಗವಿಲ್ಲ. 100ರ ಪ್ಲಾನಿನಿಂದ 300ಕ್ಕೆ ಹೋದರೂ ನಿಮ್ಮ ಒಂದೂವರೆ ಗಂಟೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ.

ಇನ್ನೊಂದು ಸೂಕ್ಷ್ಮವೂ ಇದೆ. ಹೊಸ ಸಂಪರ್ಕವೊಂದು ತೆರೆದ ಕೂಡಲೇ ಪೂರ್ತಿ ವೇಗಕ್ಕೆ ಹೋಗುವುದಿಲ್ಲ. ಈಗಿನ ವ್ಯವಸ್ಥೆಗಳಲ್ಲಿ ಮೊದಲ ಸುತ್ತಿಗೆ ಸಾಮಾನ್ಯವಾಗಿ ಹತ್ತು ಪ್ಯಾಕೆಟ್, ಅಂದರೆ 14 ಕೆಬಿಯಷ್ಟು ಮಾತ್ರ ಬಿಡುತ್ತದೆ. ಉತ್ತರ ಬಂದ ಮೇಲೆ ಹೆಚ್ಚಿಸುತ್ತಾ ಹೋಗುತ್ತದೆ. ನಿಮ್ಮ ವಿಡಿಯೊಗೆ ಈ ವಾರ್ಮಪ್ ಒಂದೇ ಸಲ ಆಯಿತು. ಎಫ್‌ಟಿಪಿಯಲ್ಲಿ 9,000 ಫೈಲಿಗೆ 9,000 ಸಲ ಹೊಸದಾಗಿ ಶುರುವಾಗುತ್ತದೆ. ವರ್ಡ್‌ಪ್ರೆಸ್‌ನ ಪಿಎಚ್‌ಪಿ ಫೈಲುಗಳಲ್ಲಿ ಜಾಸ್ತಿ ಪಾಲು ತೀರಾ ಚಿಕ್ಕವು. ವೇಗ ಹಿಡಿಯುವ ಮೊದಲೇ ಮುಗಿದುಹೋಗಿರುತ್ತವೆ.

ಹಾಗಾದರೆ ಸಾಫ್ಟ್‌ವೇರ್‌ಗಳ ನಡುವೆ ವ್ಯತ್ಯಾಸವೇ ಇಲ್ಲವಾ? ಇದೆ. ಆದರೆ ಅದು ಹೆಸರಿನಲ್ಲಿಲ್ಲ. ಒಟ್ಟಿಗೆ ಎಷ್ಟು ಫೈಲು ಕಳಿಸುತ್ತದೆ, ಯಾವ ಪ್ರೋಟೋಕಾಲ್ ಬಳಸುತ್ತದೆ, ಉತ್ತರಕ್ಕೆ ಕಾಯದೆ ಎಷ್ಟು ಡೇಟಾ ಮುಂದಕ್ಕೆ ತಳ್ಳುತ್ತದೆ, ಈ ಮೂರರಲ್ಲಿ ಇದೆ.

ಮೊದಲನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ. ಫೈಲ್‌ಝಿಲ್ಲಾದ ಸೆಟ್ಟಿಂಗ್ಸ್‌ನಲ್ಲಿ ಟ್ರಾನ್ಸ್‌ಫರ್ಸ್ ಅನ್ನುವ ಪುಟಕ್ಕೆ ಹೋಗಿ. ಒಟ್ಟಿಗೆ ನಡೆಯುವ ವರ್ಗಾವಣೆಗಳ ಸಂಖ್ಯೆ 2 ಅಂತ ಇರುತ್ತದೆ, 10ರ ತನಕ ಏರಿಸಬಹುದು. 8 ಮಾಡಿದರೆ ನಿಮ್ಮ ಲೆಕ್ಕದಲ್ಲಿ ಒಂದೂವರೆ ಗಂಟೆ ಇಪ್ಪತ್ತೆರಡು ನಿಮಿಷದ ಆಸುಪಾಸಿಗೆ ಇಳಿಯಬೇಕು. ಸಾಫ್ಟ್‌ವೇರ್ ಬದಲಿಸಿಲ್ಲ, ಒಂದು ಅಂಕಿ ಬದಲಿಸಿದ್ದು ಅಷ್ಟೇ.

ಆದರೆ ಸುಮ್ನೆ ಹತ್ತಕ್ಕೆ ಏರಿಸಿಬಿಡಬೇಡಿ. ಒಂದೇ ವಿಳಾಸದಿಂದ ಎಷ್ಟು ಸಂಪರ್ಕ ಅಂತ ಸರ್ವರಿನಲ್ಲಿ ಮಿತಿ ಇರುತ್ತದೆ. ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ಗಳಲ್ಲಿ ಎಂಟರ ಮಿತಿ ಸಾಮಾನ್ಯವಾಗಿ ಕಾಣುತ್ತದೆ. ಮೀರಿದರೆ ಲಾಗ್‌ನಲ್ಲಿ 421 ಅನ್ನುವ ತಪ್ಪು ಬರುತ್ತದೆ, ಕೆಲವು ಫೈಲು ವಿಫಲವಾದವುಗಳ ಪಟ್ಟಿಗೆ ಸೇರುತ್ತವೆ. ಕೆಲವೆಡೆ ಫೈರ್‌ವಾಲ್ ನಿಮ್ಮ ವಿಳಾಸವನ್ನೇ ಸ್ವಲ್ಪ ಹೊತ್ತು ತಡೆದುಬಿಡುತ್ತದೆ. ಫೋಲ್ಡರ್ ನೋಡಲು ತೆರೆದಿರುವ ಸಂಪರ್ಕವೂ ಈ ಲೆಕ್ಕಕ್ಕೆ ಸೇರುತ್ತದೆ, ಅದನ್ನು ಮರೆಯಬಾರದು. ಮೊದಲು 5 ಅಥವಾ 6 ಇಟ್ಟು ನೋಡಿ. ಮುಗಿದ ಮೇಲೆ ವಿಫಲವಾದ ಫೈಲುಗಳ ಪಟ್ಟಿ ಖಾಲಿ ಇದೆಯೇ ಅಂತ ತಪ್ಪದೇ ನೋಡಿ. ಆ ಪಟ್ಟಿ ನೋಡದೆ ಗ್ರಾಹಕರಿಗೆ ಸೈಟು ಒಪ್ಪಿಸುವುದು ಸರಿಯಲ್ಲ.

ಈಗ ನಿಮ್ಮ ಗೆಳೆಯರ ವಿನ್‌ಎಸ್‌ಸಿಪಿ ವಿಚಾರ. ಅದರಲ್ಲಿ ಕಣ್ಣೆದುರು ಓಡುವ ವರ್ಗಾವಣೆ ಒಂದೇ ಸಂಪರ್ಕದಲ್ಲಿ ನಡೆಯುತ್ತದೆ. ಹಿನ್ನೆಲೆಯ ಸಾಲಿಗೆ ತಳ್ಳಿದರೆ ಒಂದು ಕೆಲಸವನ್ನೇ ಹಲವು ಸಂಪರ್ಕಗಳಿಗೆ ಹಂಚುವ ಅವಕಾಶ ಇದೆ, ಎಷ್ಟು ಅನ್ನುವುದನ್ನು ನೀವೇ ಹೊಂದಿಸಬಹುದು. ಇದನ್ನು ಗಮನಿಸದೆ ಹೋಲಿಸಿದವರು ವಿನ್‌ಎಸ್‌ಸಿಪಿ ನಿಧಾನ ಅನ್ನುತ್ತಾರೆ. ಫೈಲ್‌ಝಿಲ್ಲಾದ ಎರಡು ಸಂಪರ್ಕಗಳನ್ನು ಇದರ ಒಂದರ ಜೊತೆ ಹೋಲಿಸಿರುತ್ತಾರೆ. ಇನ್ನೂ ದೊಡ್ಡ ಗೊಂದಲ ಎಂದರೆ ವಿನ್‌ಎಸ್‌ಸಿಪಿ ತೆರೆದಾಗ ತಾನಾಗಿ ಬರುವುದು ಎಸ್‌ಎಫ್‌ಟಿಪಿ. ಫೈಲ್‌ಝಿಲ್ಲಾದಲ್ಲಿ ಬರೀ ವಿಳಾಸ ಹಾಕಿ ಕನೆಕ್ಟ್ ಒತ್ತಿದರೆ ಅದು ಎಫ್‌ಟಿಪಿ. ಇವೆರಡೂ ಬೇರೆ ಬೇರೆ ಪ್ರೋಟೋಕಾಲ್.

ಎಸ್‌ಎಫ್‌ಟಿಪಿ ಎಸ್‌ಎಸ್‌ಎಚ್ ಮೇಲೆ, ಅಂದರೆ ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಆಜ್ಞೆ ಕೊಡುವ ಸಂಪರ್ಕದ ಮೇಲೆ ಓಡುತ್ತದೆ. ಅದರಲ್ಲಿ ಎಲ್ಲ ಫೈಲೂ ಒಂದೇ ಸಂಪರ್ಕದೊಳಗೆ ಹೋಗುತ್ತವೆ, ಪ್ರತಿ ಫೈಲಿಗೂ ಹೊಸದನ್ನು ಕಟ್ಟಬೇಕಿಲ್ಲ. ತೆರೆ, ಬರೆ, ಸಮಯ ಹಾಕು, ಮುಚ್ಚು ಅನ್ನುವ ಮೂರು ನಾಲ್ಕು ಮಾತು ಸಾಕು. ಹಾಗಾಗಿ ಸಣ್ಣ ಫೈಲುಗಳ ರಾಶಿಗೆ, ಸಂಪರ್ಕಗಳ ಸಂಖ್ಯೆ ಸಮ ಇದ್ದರೆ, ಟಿಎಲ್‌ಎಸ್ ಹಾಕಿದ ಎಫ್‌ಟಿಪಿಗಿಂತ ಎಸ್‌ಎಫ್‌ಟಿಪಿ ಹೆಚ್ಚಾಗಿ ಮುಂದಿರುತ್ತದೆ.

ದೊಡ್ಡ ಫೈಲಿಗೆ ಬಂದರೆ ಆಟ ತಿರುಗಬಹುದು. ಎಸ್‌ಎಫ್‌ಟಿಪಿಯಲ್ಲಿ ಫೈಲನ್ನು ಸಾಮಾನ್ಯವಾಗಿ 32 ಕೆಬಿಯ ತುಂಡುಗಳಾಗಿ ಕಳಿಸುತ್ತಾರೆ, ಪ್ರತಿ ತುಂಡಿಗೂ ಸರ್ವರ್ ಉತ್ತರ ಕೊಡುತ್ತದೆ. ಓಪನ್‌ಎಸ್‌ಎಸ್‌ಎಚ್ ಅನ್ನುವ ಎಸ್‌ಎಸ್‌ಎಚ್ ಸಾಫ್ಟ್‌ವೇರಿನ ಜೊತೆ ಬರುವ ಎಸ್‌ಎಫ್‌ಟಿಪಿ ಆಜ್ಞೆ ಉತ್ತರ ಬರುವ ಮೊದಲೇ ಅಂಥ 64 ತುಂಡುಗಳನ್ನು, ಅಂದರೆ 2 ಎಂಬಿಯನ್ನು ದಾರಿಯಲ್ಲಿ ಇಟ್ಟಿರುತ್ತದೆ. ನಿಮ್ಮ 0.23 ಸೆಕೆಂಡಿನ ದೂರಕ್ಕೆ ಇದು ಸೆಕೆಂಡಿಗೆ ಹೆಚ್ಚೆಂದರೆ 8.7 ಎಂಬಿ ಆಗುತ್ತದೆ, ಲೈನ್ ಎಷ್ಟೇ ದೊಡ್ಡದಿದ್ದರೂ. ಅದು ಸಾಕಷ್ಟಾಯಿತು ಬಿಡಿ. ತೊಂದರೆ ಇರುವುದು ಒಂದು ತುಂಡು ಕಳಿಸಿ, ಉತ್ತರ ಬಂದ ಮೇಲೇ ಮುಂದಿನದನ್ನು ಕಳಿಸುವ ಸಾಫ್ಟ್‌ವೇರ್‌ಗಳಲ್ಲಿ. ಅವು ಇದೇ ದೂರಕ್ಕೆ ಸೆಕೆಂಡಿಗೆ 140 ಕೆಬಿಯನ್ನೂ ದಾಟುವುದಿಲ್ಲ. ಕೋಡ್ ಎಡಿಟರ್‌ಗಳಿಗೆ ಹಾಕಿಕೊಳ್ಳುವ ಸಣ್ಣಪುಟ್ಟ ಪ್ಲಗಿನ್‌ಗಳಲ್ಲಿ ಇಂಥದ್ದು ಸಿಗಬಹುದು. ಒಂದೇ ಪ್ರೋಟೋಕಾಲ್ ಇದ್ದೂ ಎರಡು ಸಾಫ್ಟ್‌ವೇರ್‌ಗಳ ನಡುವೆ ಅರವತ್ತು ಪಟ್ಟು ವ್ಯತ್ಯಾಸ ಬರಬಹುದಾದ ಜಾಗ ಇದು. ಇದನ್ನು ಪತ್ತೆ ಮಾಡಲು ಪರೀಕ್ಷೆ ಬೇಕೇ ಬೇಕು.

ಸೈಬರ್‌ಡಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲೂ ಸಂಪರ್ಕಗಳ ಸಂಖ್ಯೆಯನ್ನು ಹೊಂದಿಸಬಹುದು. ಅದು ಬಳಸಲು ಹಿತವಾಗಿದೆ ಅನ್ನುವುದಾದರೆ ಬಳಸಿ, ವೇಗಕ್ಕಾಗಿ ಅಂತ ಹೋಗಬೇಡಿ.

ಆಜ್ಞೆ ಬರೆಯಲು ಹಿಂಜರಿಯದವರಿಗೆ ಎಲ್‌ಎಫ್‌ಟಿಪಿ ಅನ್ನುವ ಪ್ರೋಗ್ರಾಂ ನನ್ನ ಮೆಚ್ಚಿನದು. ಅದರ ಮಿರರ್ ಆಜ್ಞೆಯನ್ನು ರಿವರ್ಸ್ ಆಯ್ಕೆಯೊಡನೆ ಓಡಿಸಿದರೆ ಇಡೀ ಫೋಲ್ಡರನ್ನು ಸರ್ವರಿಗೆ ಏರಿಸುತ್ತದೆ. ಪ್ಯಾರಲಲ್ ಆಯ್ಕೆಯಲ್ಲಿ ಎಷ್ಟು ಫೈಲು ಒಟ್ಟಿಗೆ ಅಂತ ಹೇಳಬಹುದು. ಅದಕ್ಕಿಂತ ಮುಖ್ಯವಾಗಿ, ಬದಲಾದ ಫೈಲನ್ನು ಮಾತ್ರ ಕಳಿಸುತ್ತದೆ. ಬರೀ ಎಫ್‌ಟಿಪಿ ಕೊಟ್ಟು ಎಸ್‌ಎಸ್‌ಎಚ್ ಕೊಡದ ಹೋಸ್ಟಿಂಗ್‌ಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ.

ಹೋಲಿಸುವ ವಿಧಾನ ಕೇಳಿದ್ದೀರಿ. ಎರಡು ಫೋಲ್ಡರ್ ಮಾಡಿಕೊಳ್ಳಿ. ಒಂದರಲ್ಲಿ 100 ಎಂಬಿಯ ಒಂದೇ ಫೈಲು. ಇನ್ನೊಂದರಲ್ಲಿ ವರ್ಡ್‌ಪ್ರೆಸ್‌ನಿಂದ ತೆಗೆದ 1,000 ಚಿಕ್ಕ ಫೈಲು. ದೊಡ್ಡ ಫೈಲು ಜಿಪ್ ಅಥವಾ ವಿಡಿಯೊ ಆಗಿರಲಿ. ಪಠ್ಯದ ಫೈಲಾದರೆ ಎಸ್‌ಎಸ್‌ಎಚ್ ದಾರಿಯಲ್ಲಿ ಅದನ್ನು ಕುಗ್ಗಿಸಿ ಕಳಿಸಿ ನಿಮ್ಮನ್ನು ದಾರಿ ತಪ್ಪಿಸಬಹುದು. ಪ್ರತಿ ಸಲವೂ ಸರ್ವರಿನಲ್ಲಿ ಹೊಸ ಖಾಲಿ ಫೋಲ್ಡರಿಗೆ ಹಾಕಿ. ಹಳೆಯದರ ಮೇಲೆ ಹಾಕಿದರೆ ಕೆಲವು ಸಾಫ್ಟ್‌ವೇರ್ 'ಇದು ಆಗಲೇ ಇದೆ' ಅಂತ ಬಿಟ್ಟುಬಿಡುತ್ತವೆ. ಪ್ರೋಟೋಕಾಲ್ ಒಂದೇ ಇರಲಿ, ಸಂಪರ್ಕಗಳ ಸಂಖ್ಯೆ ಒಂದೇ ಇರಲಿ. ವೈಫೈ ಬೇಡ, ತಂತಿ ಹಾಕಿ. ಒಂದು ಸಾಫ್ಟ್‌ವೇರನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಓಡಿಸಬೇಡಿ. ಒಂದರ ಹಿಂದೆ ಒಂದು, ಸರದಿ ಬದಲಿಸುತ್ತಾ ಓಡಿಸಿ, ಒಂದೊಂದನ್ನೂ ಕಡಿಮೆ ಎಂದರೆ ಮೂರು ಸಲ. ಅವುಗಳಲ್ಲಿ ನಡುವಿನ ಅಂಕಿ ತೆಗೆದುಕೊಳ್ಳಿ.

ಪರದೆಯ ಮೇಲೆ ಕಾಣುವ ಕೆಬಿ-ಪರ್-ಸೆಕೆಂಡ್ ಅಂಕಿಯನ್ನು ನಂಬಬೇಡಿ. ಕಾಯುವ ಹೊತ್ತನ್ನು ಒಂದೊಂದು ಸಾಫ್ಟ್‌ವೇರ್ ಒಂದೊಂದು ರೀತಿ ಲೆಕ್ಕಕ್ಕೆ ಹಿಡಿಯುತ್ತದೆ. ಶುರುವಿನಿಂದ ಕೊನೆಯ ಫೈಲಿನ ತನಕ ಗಡಿಯಾರ ನೋಡಿ. ಎಂಬಿಪಿಎಸ್ ಎಂದರೆ ಮೆಗಾಬಿಟ್, ಸಾಫ್ಟ್‌ವೇರ್ ತೋರಿಸುವುದು ಮೆಗಾಬೈಟ್, ಎಂಟರಿಂದ ಭಾಗಿಸಬೇಕು. ಕಂಪ್ಯೂಟರಿನ ಆ್ಯಂಟಿವೈರಸ್ ಪ್ರತಿ ಫೈಲನ್ನೂ ತೆರೆದು ನೋಡುತ್ತಿದ್ದರೆ ಅದೂ ಹೊತ್ತು ತಿನ್ನುತ್ತದೆ. ಆದರೆ ಅದು ಎಲ್ಲ ಸಾಫ್ಟ್‌ವೇರ್‌ಗೂ ಸಮ.

ಹೀಗೆ ಸರಿಯಾಗಿ ಹೋಲಿಸಿದಾಗ ಹೆಸರಿರುವ ಸಾಫ್ಟ್‌ವೇರ್‌ಗಳ ನಡುವಿನ ಅಂತರ ಬಹಳ ಸಲ ಚಿಕ್ಕದಾಗಿರುತ್ತದೆ. ಒಟ್ಟಿಗೆ ಕಳಿಸುವ ಸಂಖ್ಯೆ ಎರಡರಿಂದ ಎಂಟಾದರೆ ಸಿಗುವ ಲಾಭದ ಮುಂದೆ ಅದು ಏನೂ ಅಲ್ಲ.

ಆದರೆ ನನ್ನ ನಿಜವಾದ ಸಲಹೆ ಬೇರೆ. ಆ 9,000 ಫೈಲುಗಳನ್ನು ಕಳಿಸಲೇಬೇಡಿ.

ವರ್ಡ್‌ಪ್ರೆಸ್‌ನ ಮೂಲ ಫೈಲುಗಳೇ ಮೂರು ಸಾವಿರದ ಮೇಲೆ ಇವೆ. ಅವು ಸಾಗರದಿಂದ ಹೋಗಬೇಕಾಗಿಲ್ಲ. ಹೋಸ್ಟಿಂಗ್‌ನ ಇನ್‌ಸ್ಟಾಲರ್ ಒತ್ತಿದರೆ ಸರ್ವರಿನಲ್ಲೇ ಬಂದು ಕೂರುತ್ತವೆ. ಪ್ಲಗಿನ್‌ಗಳನ್ನೂ ಅಡ್ಮಿನ್ ಪುಟದಿಂದಲೇ ಹಾಕಿಸಬಹುದು. ಅಲ್ಲಿಂದ ಅಲ್ಲಿಗೆ ಕ್ಷಣದಲ್ಲಿ ಇಳಿಯುತ್ತವೆ. ನಿಮ್ಮಿಂದ ಹೋಗಬೇಕಾದ್ದು ನೀವು ಮಾಡಿದ ಥೀಮ್, ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರ್ ಮತ್ತು ಡೇಟಾಬೇಸ್ ಮಾತ್ರ. ಕ್ಯಾಶ್ ಫೋಲ್ಡರ್, ಗಿಟ್ ಫೋಲ್ಡರ್, ಥೀಮ್ ಕಟ್ಟಲು ಬಳಸಿದ ನೋಡ್ ಮಾಡ್ಯೂಲ್‌ಗಳು ಸರ್ವರಿಗೆ ಬೇಡವೇ ಬೇಡ. ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಂದೇ ಸಾವಿರಾರು ಫೈಲು ಹೊತ್ತಿರುತ್ತದೆ. ನಿಮ್ಮ 9,000ದಲ್ಲಿ ಅದೂ ಸೇರಿದೆಯೇ ಅಂತ ಒಮ್ಮೆ ನೋಡಿ.

ಎಲ್ಲವನ್ನೂ ನಿಮ್ಮಿಂದಲೇ ಒಯ್ಯಬೇಕಾದರೆ ಒಂದು ಜಿಪ್ ಮಾಡಿ. ಆ ಒಂದು ಫೈಲನ್ನು ಎಫ್‌ಟಿಪಿಯಲ್ಲಿ ಏರಿಸಿ, ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನಲ್ ಪುಟದ ಫೈಲ್ ಮ್ಯಾನೇಜರಿನಲ್ಲಿ ಬಿಚ್ಚಿ. ಏರಿಸಲು ಒಂದು ನಿಮಿಷ, ಬಿಚ್ಚಲು ಸ್ವಲ್ಪ ಹೊತ್ತು. ಜಿಪ್ ಮಾಡುವಾಗ ಚುಕ್ಕಿಯಿಂದ ಶುರುವಾಗುವ ಎಚ್‌ಟಿಆ್ಯಕ್ಸೆಸ್ ಫೈಲು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅದು ಇಲ್ಲದಿದ್ದರೆ ಮುಖಪುಟ ತೆರೆಯುತ್ತದೆ, ಒಳಪುಟಗಳು ಸಿಗುವುದಿಲ್ಲ ಅನ್ನುತ್ತವೆ. ಬಿಚ್ಚಿದ ಕೂಡಲೇ ಸರ್ವರಿನಿಂದ ಜಿಪ್ ಅಳಿಸಿಬಿಡಿ. ಇದನ್ನು ಒತ್ತಿ ಹೇಳುತ್ತೇನೆ. ಆ ಜಿಪ್‌ನೊಳಗಿನ ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಇರುತ್ತದೆ. ಸೈಟಿನ ಫೋಲ್ಡರಿನಲ್ಲೇ ಬಿಟ್ಟರೆ ಹೆಸರು ಊಹಿಸಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 'ಬ್ಯಾಕಪ್', 'ಸೈಟ್' ಅನ್ನುವಂಥ ಹೆಸರುಗಳನ್ನು ಹುಡುಕುತ್ತಾ ತಿರುಗುವ ಪ್ರೋಗ್ರಾಂಗಳು ಬೇಕಾದಷ್ಟಿವೆ.

ಆಮೇಲಿನ ದಿನಗಳ ಬದಲಾವಣೆಗೆ, ಹೋಸ್ಟಿಂಗ್‌ನಲ್ಲಿ ಎಸ್‌ಎಸ್‌ಎಚ್ ಇದ್ದರೆ ಆರ್‌ಸಿಂಕ್ ಕಲಿಯಿರಿ. ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಓಡುತ್ತದೆ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕರಸ್ ಬರೆದ ಈ ಪ್ರೋಗ್ರಾಂ ಪ್ರತಿ ಫೈಲಿಗೂ ಉತ್ತರಕ್ಕಾಗಿ ನಿಲ್ಲುವುದಿಲ್ಲ, ಒಂದರ ಹಿಂದೆ ಒಂದು ಹರಿಸುತ್ತಾ ಹೋಗುತ್ತದೆ. ಫೈಲಿನ ಗಾತ್ರ ಮತ್ತು ಬದಲಾದ ಸಮಯ ನೋಡಿ, ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ದೊಡ್ಡ ಫೈಲಿನಲ್ಲಿ ಸ್ವಲ್ಪ ಮಾತ್ರ ಬದಲಾಗಿದ್ದರೆ ಅಷ್ಟನ್ನೇ ಕಳಿಸುತ್ತದೆ. ಸೈಟಿನ ಪುಟಗಳನ್ನೆಲ್ಲ ಒಮ್ಮೆಗೇ ತಯಾರಿಸಿ ಕೊಡುವ ಹ್ಯೂಗೋ ತರಹದ ಸಾಧನದಲ್ಲಿ ಸೈಟ್ ಕಟ್ಟುವವರಿಗೆ ಒಂದು ಮಾತು: ಪ್ರತಿ ಸಲ ಕಟ್ಟಿದಾಗಲೂ ಫೈಲುಗಳ ಸಮಯ ಹೊಸದಾಗುತ್ತದೆ, ಎಲ್ಲವೂ ಬದಲಾದಂತೆ ಕಾಣುತ್ತದೆ. ಆಗ ಚೆಕ್‌ಸಮ್ ಆಯ್ಕೆ ಹಾಕಿ, ಒಳಗಿನ ಪಠ್ಯ ನೋಡಿ ನಿರ್ಧರಿಸುತ್ತದೆ. ಡಿಲೀಟ್ ಆಯ್ಕೆ ಬಳಸುವ ಮೊದಲು ಡ್ರೈ-ರನ್ ಹಾಕಿ, ಏನೇನು ಅಳಿಸಲಿದೆ ಅಂತ ಓದಿ. ಗ್ರಾಹಕರು ಸರ್ವರಿಗೇ ನೇರವಾಗಿ ಏರಿಸಿದ ಚಿತ್ರಗಳು ನಿಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ ಅಲ್ವಾ? ಅವು ಒಂದೇ ಏಟಿಗೆ ಹೋಗಿಬಿಡುತ್ತವೆ.

ಕೊನೆಗೆ ದೂರದ ವಿಚಾರ. ನಿಮ್ಮ ಹೋಂಸ್ಟೇಗಳಿಗೆ ಬರುವವರು ಹೆಚ್ಚಾಗಿ ಬೆಂಗಳೂರು, ಮಂಗಳೂರಿನವರಿರಬೇಕು. ಆ ಸೈಟುಗಳನ್ನು ಅಮೆರಿಕದಲ್ಲಿ ಇಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ಅದೇ 9,000 ಫೈಲು, ಅದೇ ಫೈಲ್‌ಝಿಲ್ಲಾ, ಅದೇ ಎರಡು ಸಂಪರ್ಕ, ಮುಂಬೈ ಸರ್ವರ್ ಆಗಿದ್ದರೆ ಲೆಕ್ಕದ ಪ್ರಕಾರ ಹನ್ನೊಂದು ಹನ್ನೆರಡು ನಿಮಿಷ. ಸೈಟ್ ತೆರೆಯುವವರಿಗೂ ಪ್ರತಿ ಕ್ಲಿಕ್ಕಿಗೆ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಹೋಸ್ಟಿಂಗ್ ನವೀಕರಿಸುವ ಸಮಯ ಬಂದಾಗ ಸರ್ವರ್ ಯಾವ ಊರಿನಲ್ಲಿದೆ ಅಂತ ಮೊದಲು ಕೇಳಿ. ಅಲ್ಲಿಯ ತನಕ ಫೈಲ್‌ಝಿಲ್ಲಾವನ್ನೇ ಇಟ್ಟುಕೊಳ್ಳಿ, ಸಂಖ್ಯೆಯನ್ನು 6 ಮಾಡಿ, ಸೈಟ್ ಮ್ಯಾನೇಜರಿನಲ್ಲಿ ಎಸ್‌ಎಫ್‌ಟಿಪಿ ಆರಿಸಿ. ಹೋಸ್ಟಿಂಗ್‌ನವರು ಎಸ್‌ಎಫ್‌ಟಿಪಿ ಕೊಡದಿದ್ದರೆ ಟಿಎಲ್‌ಎಸ್ ಇರುವ ಎಫ್‌ಟಿಪಿ ಬಳಸಿ. ಬರೀ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತೆಯೇ ಹೋಗುತ್ತದೆ, ಒಂದು ಸುತ್ತು ಉಳಿಸಲು ಅದನ್ನು ಆರಿಸಬೇಡಿ.